ಸೈಕಲ್‌ನವನನ್ನು ರಸ್ತೆಯಿಂದ ಇಳಿಸಬೇಡಿ

“ಏಯ್, ಆ ಕಡೆ ಲೇನ್ ಮಾಡ್ಕೊಟ್ಟಿಲ್ವೇನೋ? ಅದ್ರಲ್ಲಿ ಹೋಗೋ!”

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಈ ಮಾತು ಹೊಸದಲ್ಲ. ಕಾರಿನ ಗಾಜು ಅರ್ಧ ಇಳಿಯುತ್ತದೆ, ಮಾತು ಹೊರಬೀಳುತ್ತದೆ, ಗಾಜು ಮತ್ತೆ ಏರುತ್ತದೆ. ಉತ್ತರ ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇಲ್ಲ. ಆ ಉತ್ತರವನ್ನು ಈಗ ಬರೆದೇ ಹೇಳಬೇಕಾಗಿದೆ. ಏಕೆಂದರೆ ಇಷ್ಟು ದಿನ ಕಾರಿನೊಳಗಿಂದ ಬರುತ್ತಿದ್ದ ಬೈಗುಳ ನಾಳೆ ಸರ್ಕಾರಿ ಗೆಜೆಟ್‌ನಲ್ಲಿ ನಿಯಮವಾಗಿ ಅಚ್ಚಾಗಬಹುದು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ 138ನೇ ಸೆಕ್ಷನ್‌ಗೆ (1ಎ) ಎಂಬ ಉಪಕಲಂ ಸೇರಿತು. ಮೋಟಾರಿಲ್ಲದ ವಾಹನಗಳೂ ಪಾದಚಾರಿಗಳೂ ಎಲ್ಲಿ ಓಡಾಡಬಹುದು, ಹೇಗೆ ಓಡಾಡಬೇಕು ಎಂಬುದಕ್ಕೆ ರಸ್ತೆ ಸುರಕ್ಷತೆಯ ದೃಷ್ಟಿಯಿಂದ ನಿಯಮ ಮಾಡುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಬಂತು. ಅಧಿಕಾರ ಬಂದು ವರ್ಷಗಳಾದರೂ ನಿಯಮ ಬರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆಲ್ಲ ಆರು ತಿಂಗಳ ಗಡುವು ಕೊಟ್ಟು, ನಿಯಮ ರೂಪಿಸಿ ಎಂದಿತು. ನಡೆಯುವವರ ಜೀವ ಉಳಿಸಲೆಂದು ಬಂದ ಆದೇಶ ಅದು, ಸ್ವಾಗತಿಸೋಣ. ಆದರೆ ಸುರಕ್ಷತೆಯ ಹೆಸರಿನಲ್ಲಿ ಬಡವರ ದಾರಿ ಮುಚ್ಚಿದ ಚರಿತ್ರೆ ಈ ದೇಶದಲ್ಲಿ ಸಾಕಷ್ಟಿದೆ. ‘ಸೈಕಲ್ ಪಥ ಇರುವ ಕಡೆ ಸೈಕಲ್ ಸವಾರರು ಕಡ್ಡಾಯವಾಗಿ ಅದನ್ನೇ ಬಳಸತಕ್ಕದ್ದು’ ಎಂಬ ಒಂದು ಸಾಲು ಇಂಥ ನಿಯಮಾವಳಿಯೊಳಗೆ ಸದ್ದಿಲ್ಲದೆ ನುಸುಳುವುದು ಕಷ್ಟವೇನಲ್ಲ. ಓದಿದವರಿಗೆಲ್ಲ ಅದು ನ್ಯಾಯವಾಗಿಯೇ ಕಾಣುತ್ತದೆ. ಆ ಸಾಲು ಬರೆಯಬೇಡಿ, ಬರೆಯಲು ಬಿಡಬೇಡಿ ಎಂದು ಕೇಳಿಕೊಳ್ಳಲು ಹೊರಟಿದ್ದೇನೆ.

ಸೈಕಲ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಹೊರಟ ಹೆಲ್ಮೆಟ್‌ಧಾರಿಗಳ ಗುಂಪು. ಅವರೂ ನಮ್ಮವರೇ. ಅವರಿಗೊಂದು ದನಿ ಇದೆ, ಸಂಘ ಇದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆದರೆ ಈ ದೇಶದ ಸೈಕಲ್ ಸವಾರರಲ್ಲಿ ಹೆಚ್ಚಿನವರು ಅವರಲ್ಲ. 2011ರ ಜನಗಣತಿಯಲ್ಲಿ ಬೇಸಾಯ ಮತ್ತು ಗೃಹ ಕೈಗಾರಿಕೆಯಲ್ಲಿರುವವರನ್ನು ಬಿಟ್ಟು ಉಳಿದ ದುಡಿಮೆಗಾರರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿದಾಗ, ನೂರಕ್ಕೆ ಸುಮಾರು ಹದಿಮೂರು ಮಂದಿ ಸೈಕಲ್ ಎಂದರು. ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಲೇ ಪೆಡಲ್ ಒತ್ತುವ ಸೆಕ್ಯುರಿಟಿ ಗಾರ್ಡ್, ಕ್ಯಾರಿಯರ್‌ಗೆ ಬಾಂಡ್ಲಿ, ಕರಣೆ ಬಿಗಿದುಕೊಂಡ ಗಾರೆ ಕೆಲಸದವನು, ಎರಡೂ ಕಡೆ ಹಾಲಿನ ಕ್ಯಾನು ಇಳಿಬಿಟ್ಟವನು, ಬಾಳೆಎಲೆಯ ಕಟ್ಟು ಹೇರಿಕೊಂಡು ಮಾರ್ಕೆಟ್ಟಿನಿಂದ ಹೊರಟವನು, ಫ್ಲಾಸ್ಕು ಕಟ್ಟಿಕೊಂಡು ನಡುರಾತ್ರಿ ಮೆಜೆಸ್ಟಿಕ್ ಸುತ್ತ ಟೀ ಮಾರುವವನು. ಇವರು ಯಾರೂ ಪರಿಸರ ಉಳಿಸಲು ಸೈಕಲ್ ಹತ್ತಿದವರಲ್ಲ. ಬಸ್ಸಿನ ಚಾರ್ಜು ಉಳಿದರೆ ಸಂಜೆಗೆ ತರಕಾರಿ ಬರುತ್ತದೆ, ಅಷ್ಟೇ. ದಂಡ ಕಟ್ಟಲು ಇವರ ಜೇಬಿನಲ್ಲಿ ದುಡ್ಡಿಲ್ಲ, ವಾದ ಮಾಡಲು ಹೊತ್ತಿಲ್ಲ. ನಿಯಮ ಬಂದರೆ ಮೊದಲು ಬೀಳುವುದು ಇವರ ಮೇಲೆಯೇ.

ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಹೈಸ್ಕೂಲಿಲ್ಲದ ಊರುಗಳ ಹೆಣ್ಣುಮಕ್ಕಳು ಮೂರು, ನಾಲ್ಕು ಕಿಲೋಮೀಟರ್ ತುಳಿದುಕೊಂಡು ಓದಿಗೆ ಹೋದರು. ಕೈಗೆ ಸೈಕಲ್ ಕೊಟ್ಟ ಸರ್ಕಾರವೇ ಅದನ್ನು ತುಳಿಯಲು ರಸ್ತೆ ಇಲ್ಲ ಎಂದರೆ ಆ ಹುಡುಗಿಯರಿಗೆ ಏನು ಹೇಳೋಣ?

ಈಗ ಆ ‘ಮಾಡಿಕೊಟ್ಟ ಲೇನ್’ ಹೇಗಿದೆ ನೋಡೋಣ. ನೀವೇ ಒಂದು ದಿನ ಬೆಳಗ್ಗೆ ಎಂಟರ ಹೊತ್ತಿಗೆ ನಿಮ್ಮ ಬಡಾವಣೆಯ ಸೈಕಲ್ ಪಥದಲ್ಲಿ ನಡೆದು ಬನ್ನಿ. ಶುರುವಿನಲ್ಲೇ ಬೂದುಬಣ್ಣದ ಹೊದಿಕೆ ಹೊದ್ದ ಕಾರು ನಿಂತಿರುತ್ತದೆ. ಟೈರಿನ ಬುಡದಲ್ಲಿ ಒಣಗಿದ ಎಲೆ ಗುಡ್ಡೆಬಿದ್ದಿರುವುದು ನೋಡಿದರೆ ಅದು ಅಲ್ಲಿಂದ ಕದಲಿ ವಾರಗಳೇ ಆದಂತಿರುತ್ತದೆ. ಅದನ್ನು ಬಳಸಿ ಮುಂದೆ ಹೋದರೆ ಯಾರದೋ ಮನೆ ಕಟ್ಟುವ ಎಂ-ಸ್ಯಾಂಡ್ ರಾಶಿ. ನಿನ್ನೆಯ ಮಳೆಗೆ ಅದರ ಅರ್ಧ ಪಥದ ಉದ್ದಕ್ಕೂ ಹರಡಿರುತ್ತದೆ. ತೆಳ್ಳಗಿನ ಟೈರು ಮರಳಿಗೆ ಸಿಕ್ಕಿ ಜಾರುವುದು ಹೇಗೆ ಎಂದು ಬಿದ್ದವರನ್ನೇ ಕೇಳಬೇಕು. ಆಮೇಲೆ ಚೇಂಬರಿನ ಮುಚ್ಚಳ, ನೆಲಮಟ್ಟಕ್ಕಿಂತ ಎರಡು ಅಂಗುಲ ಮೇಲಕ್ಕೆ. ಪಕ್ಕದಲ್ಲೇ ಮಳೆನೀರಿನ ಜಾಲರಿ. ಅದರ ಕಂಬಿಗಳು ರಸ್ತೆಗೆ ಅಡ್ಡವಾಗಿರುವ ಬದಲು ಉದ್ದಕ್ಕೆ ಕೂತಿರುತ್ತವೆ, ಮುಂದಿನ ಚಕ್ರ ಸಲೀಸಾಗಿ ಇಳಿಯುವಷ್ಟು ಸಂದು ಬಿಟ್ಟುಕೊಂಡು. ಅಲ್ಲಿಂದ ಮುಂದೆ ಎಳನೀರು ಬುರುಡೆಯ ಗುಡ್ಡೆ, ಕಸದ ಆಟೊ, ಕೇಬಲ್ಲಿಗೆಂದು ಅಗೆದು ಮುಚ್ಚದೆ ಬಿಟ್ಟ ಗುಂಡಿ. ಪ್ಲಾಸ್ಟಿಕ್ ಕಂಬ ಮುರಿದುಹೋಗಿ ಅದರ ಬೋಲ್ಟು ಮಾತ್ರ ನೆಲದಿಂದ ಎದ್ದು ನಿಂತಿರುತ್ತದೆ. ಕೊನೆಗೆ ಬಸ್ ತಂಗುದಾಣದ ಬೆನ್ನಿಗೆ ಬಂದು ಪಥವೇ ಮುಗಿದುಹೋಗುತ್ತದೆ. ಮುಂದೆ ಹೇಗೆ ಹೋಗಬೇಕೆಂಬ ಬಾಣದ ಗುರುತು ಕೂಡ ಇರುವುದಿಲ್ಲ.

ಇಂಥ ಪಥದಲ್ಲಿ ಸೈಕಲ್‌ನವನು ಹೋಗುವುದಾದರೂ ಹೇಗೆ? ಒಳಗೆ, ಹೊರಗೆ, ಮತ್ತೆ ಒಳಗೆ. ನಿಂತ ಕಾರು ಸಿಕ್ಕಾಗಲೆಲ್ಲ ರಸ್ತೆಗೆ ಹಾರಬೇಕು, ಅದೂ ಹಿಂದಿನಿಂದ ಬರುವ ವಾಹನದ ಎದುರಿಗೇ. ಚಾಲಕನಿಗೆ ಅತಿ ಕಷ್ಟವಾಗುವುದು ಎಲ್ಲಿಂದಲೋ ಪ್ರತ್ಯಕ್ಷವಾಗುವ ಸೈಕಲ್. ಎದುರಿಗೆ ನೇರವಾಗಿ, ಒಂದೇ ಹದದಲ್ಲಿ ಹೋಗುತ್ತಿರುವ ಸೈಕಲ್ ಅವನಿಗೆ ದೂರದಿಂದಲೇ ಕಾಣುತ್ತದೆ. ಕಾಣುವಂತೆ ಹೋಗುವುದೇ ಸೈಕಲ್ ಸವಾರನ ದೊಡ್ಡ ರಕ್ಷಣೆ. ಅದನ್ನೇ ಬಿಟ್ಟುಕೊಡು ಎನ್ನುತ್ತದೆ ಕಡ್ಡಾಯ.

ಇನ್ನು ಕೂಡುರಸ್ತೆ. ಪಥ ರಸ್ತೆಯ ಎಡ ಅಂಚಿನಲ್ಲಿದೆ. ಟೆಂಪೊ ಎಡಕ್ಕೆ ತಿರುಗುತ್ತದೆ, ಪಥದಲ್ಲಿ ನೇರಕ್ಕೆ ಬರುತ್ತಿರುವ ಸೈಕಲ್ ಅದರ ಕನ್ನಡಿಗೆ ಬೀಳುವುದೇ ಇಲ್ಲ. ಪ್ರತ್ಯೇಕ ಪಥದಿಂದ ರಸ್ತೆಯ ನಡುವಿನ ಅಪಾಯ ತಪ್ಪೀತು, ಆದರೆ ತಿರುವಿನ ಅಪಾಯ ಬೆಳೆಯುತ್ತದೆ. ತಿರುವನ್ನು ಸರಿಯಾಗಿ ಕಟ್ಟದ ಕಡೆ ಪಥ ಇದ್ದೂ ಪ್ರಯೋಜನವಿಲ್ಲ. ಬಲಕ್ಕೆ ಹೋಗಬೇಕಾದವನ ಗತಿಯೇನು? ಸಿಗ್ನಲ್ಲಿಗೆ ಬಹಳ ಮೊದಲೇ ಅವನು ಎಡದಂಚು ಬಿಟ್ಟು, ಕೈ ತೋರಿಸಿ, ಬಲಗಡೆಯ ಸಾಲಿಗೆ ಸೇರಬೇಕು. ಪಥ ಬಿಡುವುದೇ ಅಪರಾಧವಾದರೆ ಅವನು ಬಲಕ್ಕೆ ತಿರುಗುವಂತೆಯೇ ಇಲ್ಲ!

ಎಲ್ಲಕ್ಕಿಂತ ನನ್ನನ್ನು ಹೆದರಿಸುವುದು ಬೇರೆಯೇ ಇದೆ. ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರಕ್ಕೂ ಹೆಚ್ಚು. ಅಂಥವರ ಹೆಂಡತಿಯೋ ತಾಯಿಯೋ ಪರಿಹಾರ ಕೇಳಿಕೊಂಡು ಮೋಟಾರು ಅಪಘಾತ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾರೆ. ಸತ್ತವನದೂ ಒಂದಷ್ಟು ತಪ್ಪಿತ್ತು ಎಂದು ಸಾಬೀತಾದರೆ ಪರಿಹಾರದ ಮೊತ್ತ ಆ ಲೆಕ್ಕದಲ್ಲಿ ಕಡಿಮೆಯಾಗುತ್ತದೆ, ಇದು ನಮ್ಮ ನ್ಯಾಯಾಲಯಗಳಲ್ಲಿ ನಡೆದುಬಂದ ಪದ್ಧತಿ. ಇನ್ನು ಆ ಕಡ್ಡಾಯದ ಸಾಲು ಪುಸ್ತಕದಲ್ಲಿ ಕೂತ ಮೇಲೆ ವಿಮಾ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆ ಯಾವುದಿರಬಹುದು, ಊಹಿಸಿ. “ಪಕ್ಕದಲ್ಲೇ ಸೈಕಲ್ ಪಥ ಇತ್ತಲ್ಲ, ನಿಮ್ಮ ಯಜಮಾನರು ರಸ್ತೆಯಲ್ಲಿ ಏಕಿದ್ದರು?” ಪಥದಲ್ಲಿ ಅವತ್ತು ಮರಳಿತ್ತೋ ಕಾರಿತ್ತೋ ಎಂಬುದಕ್ಕೆ ಆಕೆ ಎಲ್ಲಿಂದ ಸಾಕ್ಷಿ ತರಬೇಕು? ಲಾರಿ ಗುದ್ದಿದ್ದು ಒಂದು ಸಲ, ಕಾನೂನು ಗುದ್ದುವುದು ಇನ್ನೊಂದು ಸಲ. ಸುರಕ್ಷತೆಗೆಂದು ಬರೆದ ಸಾಲು ಕೊನೆಗೆ ನೆರವಾಗುವುದು ಗುದ್ದಿದವನಿಗೆ.

ಇದೆಲ್ಲ ಬರಿಯ ಕಲ್ಪನೆ ಎನ್ನುವವರು ಕೋಲ್ಕತ್ತದ ಕಡೆ ನೋಡಲಿ. 2013ರಲ್ಲಿ ಅಲ್ಲಿನ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ಸಂಚಾರ ಸುಗಮವಾಗಲಿ ಎಂಬುದೇ ಕಾರಣ. ಸಿಕ್ಕಿಬಿದ್ದು ದಂಡ ಕಟ್ಟಿದವರು ಹಾಲಿನವರು, ಪೇಪರಿನವರು, ಸಣ್ಣಪುಟ್ಟ ಕೆಲಸದವರು. ಅಷ್ಟು ದೂರ ಏಕೆ, ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರು ಹಾಗೂ ಮೋಟಾರಿಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದ ದಾರಿಯಲ್ಲಿ ಸೈಕಲ್ ಬೇಡ ಎಂದರೆ ಒಪ್ಪೋಣ, ಅದು ಜೀವದ ಪ್ರಶ್ನೆ. ಆದರೆ ಬೇಡ ಎಂದವರು ಮೊದಲು ಪಕ್ಕದ ಸರ್ವಿಸ್ ರಸ್ತೆಯನ್ನು ಎಡೆಬಿಡದಂತೆ, ನೀರು ನಿಲ್ಲದಂತೆ ಮಾಡಿ ಆಮೇಲೆ ಗೇಟು ಹಾಕಬೇಕು. ಮಂಡ್ಯ, ರಾಮನಗರದ ಹಳ್ಳಿಯವರಿಗೆ ತಮ್ಮೂರ ದಾರಿ ಎಲ್ಲಿ ತುಂಡಾಗಿದೆ ಎಂಬುದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಮೊದಲು ಬರುವುದು ನಿಷೇಧ, ಅದರ ಬದಲಿಗೆ ಸಿಗಬೇಕಾದ ದಾರಿ ಮಾತ್ರ ‘ಆಮೇಲೆ ನೋಡೋಣ’.

ಪಥಗಳನ್ನು ನಾವು ಎಷ್ಟು ಕಾಪಾಡಿಕೊಂಡಿದ್ದೇವೆ ಎಂಬುದಕ್ಕೂ ಉದಾಹರಣೆ ಕಣ್ಣೆದುರಿಗಿದೆ. ಕೋವಿಡ್ ಕಾಲದಲ್ಲಿ, 2020ರ ಕೊನೆಯ ತಿಂಗಳುಗಳಲ್ಲಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೆ.ಆರ್.ಪುರದ ಕಡೆಯಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿ.ಮೀ. ಉದ್ದಕ್ಕೆ ಸೈಕಲ್ ಪಥ ಯೋಜಿಸಿ ಕಂಬ ನೆಟ್ಟರು. ಎಷ್ಟೋ ಜನ ಹುರುಪಿನಿಂದ ಸೈಕಲ್ ಹತ್ತಿದರು. ಮೆಟ್ರೊ ಕಾಮಗಾರಿಗೆ ಜಾಗ ಬೇಕಾದಾಗ ಪಥವೇ ಹೋಯಿತು. ಜಯನಗರದಲ್ಲಿ ಅದಕ್ಕೂ ಮೊದಲು ಮಾಡಿದ ಪಥಗಳು ಪಾರ್ಕಿಂಗ್ ಜಾಗವಾದವು. ದೇಶದಲ್ಲೇ ಮೊದಲೆಂದು 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ ತಂದ ಮೈಸೂರಿನಂಥ ಊರಿನಲ್ಲೂ ಸವಾರ ಬಹುಪಾಲು ತುಳಿಯುವುದು ಎಲ್ಲರ ಜೊತೆ ಎಲ್ಲರ ರಸ್ತೆಯಲ್ಲೇ. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗೆಂದು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ತಯಾರಿಸಿದ ಮಸೂದೆಯ ಕರಡು ವರ್ಷಗಳಿಂದ ಕರಡಾಗಿಯೇ ಕೂತಿದೆ. ಹಕ್ಕಿನ ಮಸೂದೆಗೆ ಇಲ್ಲದ ಆತುರ ನಿರ್ಬಂಧದ ಸಾಲಿಗೆ ಏಕೆ?

“ನೆದರ್ಲೆಂಡ್ಸ್‌ನಲ್ಲಿ ಕಡ್ಡಾಯವಿದೆಯಲ್ಲ” ಎನ್ನುವವರಿದ್ದಾರೆ. ನಿಜ, ಅಲ್ಲಿ ದುಂಡನೆಯ ನೀಲಿ ಫಲಕ ಇರುವ ಕಡೆ ಸೈಕಲ್ ಪಥದಲ್ಲೇ ಹೋಗಬೇಕು. ಆದರೆ ಆ ಫಲಕದ ಹಿಂದೆ ಏನಿದೆ ಎಂದೂ ತಿಳಿಯಬೇಕು. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಂದಿರು ಬೀದಿಗಿಳಿದರು. ಅಲ್ಲಿಂದಾಚೆಗೆ ದಶಕಗಳ ಕಾಲ ಬಿಡದೆ ಕಟ್ಟಿದ, ಅಗಲವಾದ, ನುಣುಪಾದ, ತಿರುವಿನಲ್ಲಿ ಸೈಕಲ್‌ಗೇ ಮೊದಲ ಹಕ್ಕಿರುವ ದಾರಿಗಳು ಅವು. ಅದರ ಜೊತೆಗೆ ಕಾನೂನೂ ಸೈಕಲ್‌ನವನ ಪರ ನಿಂತಿದೆ. ಹದಿನಾಲ್ಕು ವರ್ಷದೊಳಗಿನ ಮಗುವಿನ ಸೈಕಲ್‌ಗೆ ಕಾರು ಗುದ್ದಿದರೆ ನಷ್ಟದ ಹೊಣೆ ಸಾಮಾನ್ಯವಾಗಿ ಪೂರ್ತಿ ಕಾರಿನವನದು, ದೊಡ್ಡವರಾದರೆ ಕಡಿಮೆಯೆಂದರೂ ಅರ್ಧ. ಅದನ್ನೆಲ್ಲ ಬಿಟ್ಟು ಬರೀ ಫಲಕವನ್ನು ಮಾತ್ರ ತಂದು ನೆಡೋಣ ಎನ್ನುವುದು, ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆ ಹುಡುಕಿದ ಹಾಗೆ.

ಜರ್ಮನಿಯ ಕತೆ ಇನ್ನೂ ಪಾಠ ಹೇಳುತ್ತದೆ. ಅಲ್ಲಿ ಪಥ ಕಡ್ಡಾಯವಾದದ್ದು 1930ರ ದಶಕದಲ್ಲಿ, ಹಿಟ್ಲರನ ಆಡಳಿತದಲ್ಲಿ, ಮೋಟಾರಿಗೆ ದಾರಿ ಖಾಲಿಯಿರಬೇಕು ಎಂಬ ಹುಮ್ಮಸ್ಸಿನ ಕಾಲದಲ್ಲಿ. ಆ ಅಭ್ಯಾಸ ಬಿಡಲು ಅವರಿಗೆ ಆರು ದಶಕ ಹಿಡಿಯಿತು. 1998ರಿಂದ ನೀಲಿ ಫಲಕ ಹಾಕಿದ ಕಡೆ ಮಾತ್ರ ಕಡ್ಡಾಯ ಎಂದಾಯಿತು. 2010ರ ನವೆಂಬರ್ 18ರಂದು ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ ಜಾಗದಲ್ಲಿ ಮಾಮೂಲಿಗಿಂತ ಮೀರಿದ ಅಪಾಯವಿದೆ ಎಂದು ತೋರಿಸಲಾಗದಿದ್ದರೆ ಆ ಫಲಕವನ್ನೂ ಹಾಕುವಂತಿಲ್ಲ ಎಂದಿತು. ಬ್ರಿಟನ್ನಿನಲ್ಲಿ 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕ ಮೊದಲ ಸೈಕಲ್ ಪಥ ತೆರೆದಾಗ ಅದನ್ನು ವಿರೋಧಿಸಿದವರು ಸೈಕಲ್ ಸಂಘದವರೇ. ಇವತ್ತು ಪಥ ಕೊಟ್ಟು ನಾಳೆ ರಸ್ತೆ ಕಿತ್ತುಕೊಳ್ಳುತ್ತೀರಿ ಎಂಬ ಭಯ ಅವರದು. ಅವರು ಹಟ ಹಿಡಿದದ್ದು ವ್ಯರ್ಥವಾಗಲಿಲ್ಲ. ಅಲ್ಲಿನ ಹೈವೇ ಕೋಡ್‌ನಲ್ಲಿ ಇವತ್ತಿಗೂ ಸೈಕಲ್ ಪಥದ ಬಳಕೆ ಕಡ್ಡಾಯವಲ್ಲ.

“ಕೋಟಿ ಕೋಟಿ ಸುರಿದು ಪಥ ಮಾಡಿದ ಮೇಲೂ ಬಳಸದಿದ್ದರೆ ಹೇಗೆ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸರಳ. ಜನ ಬಳಸದಿದ್ದರೆ ಪಥದಲ್ಲಿ ಏನೋ ಕೊರತೆಯಿದೆ, ಅದನ್ನು ಹುಡುಕಿ. ಒಳ್ಳೆಯ ಪಥಕ್ಕೆ ಲಾಠಿ ಬೇಕಿಲ್ಲ, ಜನ ತಾವಾಗಿಯೇ ಬರುತ್ತಾರೆ. ಕೆಟ್ಟ ಪಥಕ್ಕೆ ಕಡ್ಡಾಯ ಹೇರಿದರೆ ಅದನ್ನು ಕಟ್ಟಿದ ಎಂಜಿನಿಯರ್, ಬಿಲ್ಲು ಮಾಡಿಕೊಂಡ ಗುತ್ತಿಗೆದಾರ, ಇಬ್ಬರೂ ಬಚಾವು. ಎಷ್ಟು ಜನ ಬಂದರು ಎಂಬ ಲೆಕ್ಕವೇ ಅವರನ್ನು ಕೇಳುವ ಏಕೈಕ ಪರೀಕ್ಷೆ. ಅದನ್ನೂ ಕಡ್ಡಾಯ ಅಳಿಸಿಹಾಕುತ್ತದೆ.

“ರೋಡ್ ಟ್ಯಾಕ್ಸ್ ಕಟ್ಟದವನಿಗೆ ರಸ್ತೆ ಯಾಕೆ?” ಎಂಬ ಇನ್ನೊಂದು ಪ್ರಶ್ನೆ, ಸ್ವಲ್ಪ ಗಡುಸು ದನಿಯಲ್ಲಿ, ಬರುತ್ತದೆ. ಹಿರಿಯರಿಗೆ ನೆನಪಿರಬಹುದು. ನಮ್ಮ ಎಷ್ಟೋ ಊರುಗಳಲ್ಲಿ ಸೈಕಲ್‌ಗೂ ಪುರಸಭೆಗೆ ವರ್ಷವರ್ಷ ದುಡ್ಡು ಕಟ್ಟಿ ಬಿಲ್ಲೆ ತಗುಲಿಸಬೇಕಿತ್ತು. ಬಿಲ್ಲೆ ಇಲ್ಲ, ದೀಪ ಇಲ್ಲ, ಡಬಲ್ ರೈಡಿಂಗ್ ಎಂದು ಪೊಲೀಸರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದರು. ಸೈಕಲ್ ಎಂಬುದು ಆಗ ಪೂರ್ಣಪ್ರಮಾಣದ ವಾಹನ! ಇವತ್ತಿಗೂ ಗಾರೆ ಕೆಲಸದವನು ಸೋಪು, ಬಟ್ಟೆ, ಚಪ್ಪಲಿ, ಬಿಸ್ಕತ್ತು ಕೊಂಡಾಗಲೆಲ್ಲ ತೆರಿಗೆ ಕಟ್ಟುತ್ತಾನೆ. ಬಾಡಿಗೆಯೊಳಗೆ ಮನೆ ಮಾಲೀಕನ ಆಸ್ತಿ ತೆರಿಗೆಯನ್ನೂ ತುಂಬುತ್ತಾನೆ. ಆ ದುಡ್ಡಿನಿಂದಲೇ ರಸ್ತೆಯಾಗುತ್ತದೆ. ರಸ್ತೆಯನ್ನು ಸವೆಸುವುದು ಅವನ ಇಪ್ಪತ್ತು ಕೆ.ಜಿ. ಸೈಕಲ್ ಅಲ್ಲ, ನಮ್ಮ ನಿಮ್ಮ ಟನ್ನುಗಟ್ಟಲೆ ಭಾರದ ವಾಹನ.

ಪಥದ ವಿಚಾರದಲ್ಲಿ ನಮ್ಮ ಕಾನೂನಿನ ಮೂಲ ಅಪ್ಪಣೆ ಇರುವುದೂ ಮೋಟಾರಿಗೇ. 1989ರ ರಸ್ತೆ ನಿಯಮಾವಳಿಯೇ ಹೇಳಿತ್ತು: ಪಾದಚಾರಿ ಮಾರ್ಗ, ಸೈಕಲ್ ಪಥ ಇರುವ ಕಡೆ, ಸಮವಸ್ತ್ರದಲ್ಲಿರುವ ಪೊಲೀಸರ ಅನುಮತಿಯಿಲ್ಲದೆ ಅದರ ಮೇಲೆ ಮೋಟಾರು ವಾಹನ ಓಡಿಸಕೂಡದು. ಮೂರೂವರೆ ದಶಕ ಕಳೆದರೂ ಈ ಮಾತನ್ನು ನಾವು ಜಾರಿಗೆ ತರಲಿಲ್ಲ. ಟ್ರಾಫಿಕ್ ಜಾಮ್ ಆದ ಕೂಡಲೇ ಬೈಕುಗಳು ಪಥಕ್ಕೆ ನುಗ್ಗುತ್ತವೆ, ಕಾರು ನಿಲ್ಲಿಸಿದವನನ್ನು ಕೇಳುವವರಿಲ್ಲ. ಬಲವಿದ್ದವನಿಗೆ ಹಾಕಿದ ನಿಯಮ ಹಾಗೇ ಉಳಿದಿರುವಾಗ ಬಲವಿಲ್ಲದವನಿಗೆ ಹೊಸದೊಂದು ನಿಯಮ ಹುಟ್ಟಿಸುವುದು ಯಾವ ನ್ಯಾಯ?

ಆದ್ದರಿಂದ, ನಿಯಮ ಬರೆಯುವ ಮೇಜಿನ ಮುಂದೆ ಕೂತ ಅಧಿಕಾರಿಗಳೇ, ಪಥವನ್ನು ಸೌಕರ್ಯವಾಗಿ ಕೊಡಿ, ಕಟ್ಟಳೆಯಾಗಿ ಬೇಡ. ಕಟ್ಟಳೆ ಹಾಕುವುದಾದರೆ ನಿಮಗೆ ನೀವೇ ಹಾಕಿಕೊಳ್ಳಿ: ಪಥ ಎಷ್ಟು ಅಗಲ ಇರಬೇಕು, ಯಾರು ದಿನಾ ಗುಡಿಸಬೇಕು, ಗುಂಡಿ ಬಿದ್ದರೆ ಎಷ್ಟು ದಿನದೊಳಗೆ ಮುಚ್ಚಬೇಕು, ಮುಚ್ಚದಿದ್ದರೆ ಯಾರ ಸಂಬಳದಿಂದ ದಂಡ. ಎಂಜಿನಿಯರರೇ, ನಕ್ಷೆಗೆ ಸಹಿ ಹಾಕುವ ಮುನ್ನ ಒಂದೇ ಒಂದು ಸಲ, ಕ್ಯಾರಿಯರ್‌ನಲ್ಲಿ ಭಾರ ಕಟ್ಟಿಕೊಂಡು, ಕತ್ತಲಾದ ಮೇಲೆ, ಆ ಪಥದಲ್ಲಿ ಸೈಕಲ್ ತುಳಿಯಿರಿ. ಸಂಚಾರ ಪೊಲೀಸ್ ಬಂಧುಗಳೇ, ಪಥದ ಮೇಲೆ ನಿಂತ ಕಾರಿಗೆ ಬೀಗ ಜಡಿಯಿರಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಕಾರು, ಬೈಕು ಓಡಿಸುವ ಗೆಳೆಯರೇ, ಮುಂದೆ ಸೈಕಲ್ ಕಂಡಾಗ ಹಾರನ್ ಮೇಲಿನ ಕೈ ತೆಗೆದು ಬ್ರೇಕಿನ ಮೇಲೆ ಕಾಲಿಡಿ. ಹಿಂದೆ ಹಾಕುವಾಗ ಒಂದು ತೋಳಿಗಿಂತ ಹೆಚ್ಚು ಜಾಗ ಬಿಡಿ. ಆತ ರಸ್ತೆಯ ನಡುವಿಗೆ ಬಂದಿದ್ದರೆ ನಿಮ್ಮನ್ನು ತಡೆಯಲು ಬಂದಿಲ್ಲ. ಅಂಚಿನಲ್ಲಿ ಏನೋ ಇದೆ, ನಿಮಗೆ ಕಾಣುತ್ತಿಲ್ಲ. ನಿಮಗೆ ಕಳೆಯುವುದು ಅರ್ಧ ನಿಮಿಷ. ನಿಮ್ಮ ಮನೆಗೆ ಇವತ್ತು ಹಾಲು, ಪೇಪರು ಬಂದದ್ದು ಇಂಥವನೊಬ್ಬನ ಕಾಲ ಬಲದಿಂದ ಎಂಬುದು ನೆನಪಿರಲಿ.

ಸೈಕಲ್ ಸವಾರರಿಗೂ ಒಂದು ಮಾತು. ರಸ್ತೆ ನಮ್ಮದು ಎನ್ನುವ ಹಕ್ಕಿನ ಜೊತೆ ರಸ್ತೆಯ ಶಿಸ್ತೂ ನಮ್ಮದಾಗಬೇಕು. ರಾಂಗ್ ಸೈಡಿನಲ್ಲಿ ಹೋಗುವುದು, ಸಿಗ್ನಲ್ ಹಾರುವುದು, ದೀಪವಿಲ್ಲದೆ ಕತ್ತಲಲ್ಲಿ ತುಳಿಯುವುದು ನಮ್ಮ ವಾದವನ್ನು ನಾವೇ ಸೋಲಿಸಿದಂತೆ. ಪಥ ಚೆನ್ನಾಗಿದ್ದರೆ ಖಂಡಿತ ಅದರಲ್ಲೇ ಹೋಗೋಣ. ಮಕ್ಕಳಿಗೆ, ವಯಸ್ಸಾದವರಿಗೆ, ಈಗಷ್ಟೇ ಕಲಿಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ದುಬಾರಿ ಸೈಕಲ್ ಇರುವವರು, ನಿಮ್ಮ ಸಂಘದ ಮುಂದಿನ ಸಭೆಗೆ ಪೇಪರ್ ಹಾಕುವ ಹುಡುಗನನ್ನೂ ಸೆಕ್ಯುರಿಟಿಯ ಅಣ್ಣನನ್ನೂ ಕರೆಯಿರಿ. ಅವರಿಲ್ಲದೆ ಬರೆದ ಬೇಡಿಕೆ ಪಟ್ಟಿ ಅರ್ಧ ಮಾತ್ರ.

ಸೈಕಲ್ ಮುಟ್ಟಿ ವರ್ಷಗಳಾದವರೇ, ಇದು ನಿಮ್ಮ ಕೆಲಸವೂ ಹೌದು. ಯಾರ ಪರ ದನಿಯೆತ್ತಲು ಯಾರೂ ಇಲ್ಲವೋ ಅವರ ದಾರಿ ಕಿತ್ತುಕೊಳ್ಳುವುದು ಸುಲಭ, ಸುಮ್ಮನಿದ್ದವರೆಲ್ಲ ಅದರಲ್ಲಿ ಪಾಲುದಾರರು. ನಿಯಮದ ಕರಡು ಪ್ರಕಟವಾದಾಗ ಓದಿ. ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟರೆ ಆ ದಿನ ಮೀರುವ ಮುನ್ನ ಕಳಿಸಿ. ನಿಮ್ಮ ಶಾಸಕರ ಕಚೇರಿಗೆ ಇವತ್ತೇ ಒಂದು ಪತ್ರ ಹಾಕಿ. ಉದ್ದ ಬೇಡ, ಒಂದು ಸಾಲು ಸಾಕು: ಸೈಕಲ್‌ಗೆ ಪಥ ಕೊಡಿ, ಪಥ ಕೊಟ್ಟೆವೆಂದು ರಸ್ತೆ ಕಸಿಯಬೇಡಿ.